ಸಖುಬಾಯಿಯ ತಗಡಿನ ಸಾಹೇಬ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಇಳಿದೆ, ಆದರೆ ತಗಡಿನ ಸಾಹೇಬನನ್ನು ನೋಡಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ನಂಬುವ ಮಾತಲ್ಲ. ಬೇವಿನ ಗಿಡದ ಬುಡದಲ್ಲಿ, ಭಜಿ ಗಾಡಿಯ ಪಕ್ಕಕ್ಕೆ, ಮನುಷ್ಯನ ಎದೆಮಟ್ಟದ ಎತ್ತರಕ್ಕೆ ಅವನು ನಿಂತಿರುತ್ತಿದ್ದ. ಚೌಕ ತಲೆ, ಡಬ್ಬಿಯಂಥ ಮೈ, ಬೆಳ್ಳಿ ಬಣ್ಣ, ಹೊಟ್ಟೆಯ ತುಂಬ ಕೆಂಪು ಹಸಿರು ಬಲ್ಬು. ಬೆನ್ನ ಹಿಂದೆ ಒಂದು ಹಳೆಯ ಜೀಪಿನ ಬ್ಯಾಟರಿ. ಎರಡು ರೂಪಾಯಿ ಕೊಟ್ಟು, ಅವನ ಎದೆಯಿಂದ ಇಳಿಬಿದ್ದ ಹೆಡ್‌ಫೋನನ್ನು ಕಿವಿಗೆ ಹಚ್ಚಿಕೊಂಡರೆ ನಿಮ್ಮ ಭವಿಷ್ಯ ಹೇಳುತ್ತಿದ್ದ. ಪಕ್ಕದಲ್ಲಿ ಕಟ್ಟಿಗೆಯ ಪೆಟ್ಟಿಗೆಯ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಿರುತ್ತಿದ್ದವಳೇ ಸಖುಬಾಯಿ.

ದುಬಲಗುಂಡಿಯ ಕುರಿ ಕಾಯುವ ಮನೆಯ ಹೆಂಗಸು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬಾಯಿ ತೆರೆದಳೆಂದರೆ ಪ್ರಪಂಚದ ರೋಬೋಟುಗಳೆಲ್ಲ ಹುಮನಾಬಾದಿಗೆ ಬಂದು ಸಾಲಾಗಿ ನಿಲ್ಲಬೇಕು. ಬಸ್ಸು ನಿಂತು ಧೂಳು ಅಡಗುವುದರೊಳಗೆ ಅವಳ ಕೂಗು ಶುರುವಾಗುತ್ತಿತ್ತು.

"ಬರ್ರಿ ಬರ್ರಿ! ಜಪಾನಿನ್ಯಾಗ ಕಾರಿಗೆ ವೆಲ್ಡಿಂಗ್ ಮಾಡೋ ರೋಬೋಟ ಅದ, ಬರೇ ಒಂದ ಕೈ, ಮೈ ಇಲ್ಲ ಮಾರಿ ಇಲ್ಲ! ಹಾಲೆಂಡ್ ದೇಶದಾಗ ಆಕಳ ಹಾಲ ಹಿಂಡೋ ರೋಬೋಟ ಅದ! ಸಮುದ್ರದ ತಳಕ್ಕ ಇಳಿಯೋದದ, ಬಾಂಬ್ ಎತ್ತಿ ಒಗಿಯೋದದ! ಅಮೇರಿಕಾದವರದು ಆರು ಗಾಲೀದು ಮಂಗಳ ಗ್ರಹದ ಮ್ಯಾಲ ತಿರುಗ್ಯಾಡಿ ಕಲ್ಲ ಪರೀಕ್ಷಾ ಮಾಡ್ಯಾದ! ಅವೆಲ್ಲಾ ದೂರದ ಮಾತು. ಹುಮನಾಬಾದಿನ ರೋಬೋಟ ಇಲ್ಲೇ ನಿಂತದ, ನಿಮ್ಮ ಹಣೇಬರ ಓದ್ತದ!"

ಜನ ನಗುತ್ತಲೇ ಸುತ್ತುಗಟ್ಟುತ್ತಿದ್ದರು. ಈ ಸುದ್ದಿಗಳನ್ನೆಲ್ಲ ಅವಳಿಗೆ ಒದಗಿಸುತ್ತಿದ್ದವನು ನಿಲ್ದಾಣದ ಕಂಟ್ರೋಲರ್ ಬಸವಣಪ್ಪ. ಗಾಜಿನ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವುದು ಅವನ ಕೆಲಸ, ಪೇಪರು ಓದುವುದು ಅವನ ಚಟ. ರೋಬೋಟಿನ ಸುದ್ದಿ ಕಂಡರೆ ಕತ್ತರಿಸಿ ಇಡುತ್ತಿದ್ದ. ಮಧ್ಯಾಹ್ನ ಬಸ್ಸುಗಳು ಕಡಿಮೆಯಾದಾಗ ಸಖುಬಾಯಿಯನ್ನು ಕರೆದು ಓದಿ ಹೇಳುತ್ತಿದ್ದ. ಅವಳೂ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ.

"ಆಕಳ ತಾನ ನಡಕೋತ ಬರ್ತದಂತವಾ. ರೋಬೋಟ ಕೆಚ್ಚಲ ತೊಳೀತದ, ಹಾಲ ಹಿಂಡತದ, ಕಳಸ್ತದ. ಮನುಷ್ಯಾನ ಜರೂರತ್ತೇ ಇಲ್ಲ."

"ಒದಿಯೂ ಆಕಳಿದ್ರ ಏನ್ ಮಾಡ್ತದ್ರಿ?"

"ಅದನ್ನ ಪೇಪರದಾಗ ಬರದಿಲ್ಲ."

"ಅದನ್ನ ಬರೀಲಿಲ್ಲಂದ್ರ ಮತ್ತೇನ್ ಬರದಾರ್ರಿ, ನಿಮ್ಮ ಪೇಪರಿನವರು!"

ಆಸ್ಟ್ರೇಲಿಯಾದಲ್ಲಿ ಕುರಿಯ ಉಣ್ಣೆ ಕತ್ತರಿಸುವ ರೋಬೋಟನ್ನು ಮಾಡಿ ನೋಡಿದ್ದರು ಎಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕುರಿಯ ಚರ್ಮ ಉಳಿದಿತ್ತೋ ಇಲ್ಲವೋ ಮೊದಲು ಅದನ್ನು ಕೇಳಿ ಎಂದಳು. ಜಪಾನಿನವರು ಎರಡು ಕಾಲ ಮೇಲೆ ನಡೆಯುವ ರೋಬೋಟ್ ಮಾಡಿದರು, ಆಟಕ್ಕೆ ರೋಬೋಟ್ ನಾಯಿ ಮಾಡಿದರು. ಮನೆಯ ಕಸ ತಾನೇ ಗುಡಿಸುವುದು ಬಂತು. ಅಮೇರಿಕಾದಲ್ಲಿ ಕೂತ ಡಾಕ್ಟರು ಫ್ರಾನ್ಸಿನ ಹೆಂಗಸಿಗೆ ರೋಬೋಟಿನ ಕೈಯಿಂದ ಆಪರೇಶನ್ ಮಾಡಿದರು. ಒಂದೊಂದೇ ಅವಳ ಕೂಗಿಗೆ ಸೇರಿಕೊಂಡವು. ಬಿದ್ದ ಕಟ್ಟಡಗಳ ಅಡಿಯಲ್ಲಿ ನುಸುಳಿ ಮನುಷ್ಯರನ್ನು ಹುಡುಕುವ ಪುಟ್ಟ ರೋಬೋಟುಗಳ ಸುದ್ದಿ ಬಂದ ದಿನ ಮಾತ್ರ ಅವಳು ನಗಲಿಲ್ಲ.

"ಕಿಲ್ಲಾರಿಗೆ ಯಾಕ ಬರಲಿಲ್ರಿ ಅವು?"

"ಆವಾಗ ಇನ್ನಾ ಇದ್ದಿಲ್ಲವಾ."

"ಇದ್ದಿದ್ರ ಬರ್ತಿದ್ವೇನು?"

ಬಸವಣಪ್ಪ ಚಷ್ಮಾ ಸರಿ ಮಾಡಿಕೊಂಡು, ಭಾಲ್ಕಿ ಬಸ್ಸು ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗಿದ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು.

ತಗಡಿನ ಸಾಹೇಬ ಅವರ ಮನೆಗೆ ಬಂದದ್ದೂ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಮನೆಗಳಡಿ ಸತ್ತ ಆ ವರ್ಷವೇ, ತೊಂಬತ್ಮೂರರಲ್ಲಿ. ತಂದವನು ಸಖುಬಾಯಿಯ ಗಂಡ ಸೂರ್ಯಕಾಂತ. ಹುಟ್ಟಿದ್ದು ಕುರಿಯವರ ಮನೆಯಲ್ಲಿ, ಆದರೆ ಕುರಿಯ ಹಿಂದೆ ನಡೆಯುವುದೆಂದರೆ ಅವನಿಗೆ ಆಗದು. ಜೀವವೆಲ್ಲ ರೇಡಿಯೋ, ಟೇಪು, ವೈರುಗಳ ಮೇಲೆ. ಸೊಲ್ಲಾಪುರಕ್ಕೆ ಹೋದವನು ಒಂದು ಪ್ರದರ್ಶನದಲ್ಲಿ ಈ ಭವಿಷ್ಯ ಹೇಳುವ ರೋಬೋಟನ್ನು ನೋಡಿ ಬಂದ. ಅದರ ಮಾಲೀಕ ಮುದುಕನಾಗಿದ್ದ, ಮಾರಲು ತಯಾರಿದ್ದ. ಅಷ್ಟೇ, ಸೂರ್ಯಕಾಂತನಿಗೆ ಮೂರು ದಿನ ಅನ್ನ ರುಚಿಸಲಿಲ್ಲ.

ಮನೆಯಲ್ಲಿದ್ದದ್ದು ಹದಿನಾರು ಕುರಿ. ಸಖುಬಾಯಿ ಅತ್ತಳು, ಜಗಳಾಡಿದಳು, ತವರಿಗೆ ಹೋಗಿ ಎರಡು ದಿನ ಕೂತು ಬಂದಳು. ಕಡೆಗೆ ಸೋತು ಒಂದು ಮಾತು ಹೇಳಿದಳು. ಹದಿನಾಲ್ಕು ಮಾರು, ಎರಡು ಮರಿ ಮಾತ್ರ ಮುಟ್ಟಬೇಡ. ತಾಯಿ ಸತ್ತ ಮರಿಗಳು ಅವು. ಅರಿವೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ, ತೊಡೆಯ ಮೇಲೆ ಹಾಕಿಕೊಂಡು ಕುಡಿಸಿ ಬದುಕಿಸಿದ್ದಳು. ಅವಳು ಅಂಗಳಕ್ಕೆ ಬಂದರೆ ಎರಡೂ ಕಾಲಿಗೆ ತೊಡರುತ್ತಿದ್ದವು.

ಹದಿನಾಲ್ಕು ಕುರಿ ಹೋದವು, ಸಾಹೇಬ ಬಂದ. ಲಾರಿಯ ಮೇಲೆ ಕಂಬಳಿ ಹೊದಿಸಿ ಮಲಗಿಸಿಕೊಂಡು ತಂದಿದ್ದರಿಂದ ಊರಿನವರು ಯಾರದೋ ಹೆಣ ಬಂತೆಂದು ಓಡಿ ಬಂದರು. ಕಂಬಳಿ ಸರಿಸಿದ ಮೇಲೆ ಒಂದು ವಾರ ದುಬಲಗುಂಡಿಯಲ್ಲಿ ಬೇರೆ ಮಾತಿರಲಿಲ್ಲ.

ಆದರೆ ಸಾಹೇಬನ ಹೊಟ್ಟೆಯೊಳಗಿನ ಕ್ಯಾಸೆಟ್ಟು ಹಿಂದಿಯಲ್ಲಿತ್ತು. ರೇಡಿಯೋ ವಾರ್ತೆ ಓದಿದ ಹಾಗೆ ಅದು ಭವಿಷ್ಯ ಓದುತ್ತಿತ್ತು. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಒಬ್ಬರೂ ಎರಡನೆಯ ಸಲ ಕೇಳಲಿಲ್ಲ. ಹಣೆಬರಹ ಹೇಳುವುದಾದರೆ ನಮ್ಮ ಮಾತಿನಲ್ಲಿ ಹೇಳಲಿ ಎಂದು ಮುಖದ ಮೇಲೇ ಅಂದರು. ಎರಡು ತಿಂಗಳು ಸೂರ್ಯಕಾಂತ ನೊಣ ಹೊಡೆಯುತ್ತ ಕೂತ.

ಆಮೇಲೆ ಒಂದು ಸಂಜೆ ಮರಿಗಳನ್ನು ಮೇಯಿಸಲು ಹೋದವನು ಬರಿಗೈಯಲ್ಲಿ ಬಂದ. ತೋಳ ಬಂದಿತ್ತು, ಎರಡನ್ನೂ ಒಯ್ತು ಎಂದ. ಮರುದಿನ ಬೆಳಗ್ಗೆ ಸಖುಬಾಯಿ ಇಡೀ ಹೊಲ ಸುತ್ತಿದಳು. ಒಂದು ಹನಿ ರಕ್ತವಿಲ್ಲ, ಒಂದು ಎಳೆ ಉಣ್ಣೆಯಿಲ್ಲ. ಹದಿನೈದು ದಿನಕ್ಕೆ ಸಾಹೇಬ ಕನ್ನಡ ಮಾತಾಡತೊಡಗಿದ. ಕುರಿಯವರ ಮನೆಯ ಹೆಣ್ಣುಮಗಳಿಗೆ ತೋಳದ ಕತೆ ಹೇಳಿ ನಂಬಿಸಲು ಆಗುತ್ತದೆಯೇ? ದೇವರ ಮುಂದಿನ ಭಂಡಾರದ ಬಟ್ಟಲಿಗೆ ಕೈ ಇಟ್ಟಳು. ಭಂಡಾರವೆಂದರೆ ಮೈಲಾರ ಮಲ್ಲಣ್ಣನ ಅರಿಶಿನ ಪುಡಿ. ಅದನ್ನು ಮುಟ್ಟಿ ಆಡಿದ ಮಾತನ್ನು ಅವರ ಮನೆತನದಲ್ಲಿ ಯಾರೂ ಮುರಿಯುವುದಿಲ್ಲ.

"ಆ ಮರೀದು ಖರೇ ಏನಂತ ನೀವಾಗೇ ಹೇಳೂತನಕ ಈ ತಗಡಿನ ದನಿ ನಾ ಕೇಳಂಗಿಲ್ಲ. ಭಂಡಾರ ಮುಟ್ಟಿ ಹೇಳಾಕತ್ತೇನಿ."

"ತೋಳ ಒಯ್ತಂದ್ನೆಲ್ಲ..." ಎಂದು ಸೂರ್ಯಕಾಂತ ಗೋಡೆಯ ಕಡೆ ನೋಡಿದ.

ಸಾಹೇಬನ ಕನ್ನಡದ ದನಿ ಸೂರ್ಯಕಾಂತನದೇ. ಬಸವಕಲ್ಯಾಣದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಗೆಳೆಯ ಮಕ್ಬೂಲನ ಹತ್ತಿರ ಕೂತು ತಾನೇ ಹೇಳಿ ತುಂಬಿಸಿಕೊಂಡು ಬಂದಿದ್ದ. ಒಟ್ಟು ಹನ್ನೆರಡು ಭವಿಷ್ಯ, ಎಲ್ಲವೂ ಒಂದೇ ಬದಿಗೆ. ಒಂದೊಂದು ಮುಗಿದ ಕೂಡಲೆ ತಾಟಿಗೆ ಚಮಚೆಯಿಂದ ಠಣ್ ಎಂದು ಬಡಿದ ಸದ್ದು. ಗಿರಾಕಿ ಹೆಡ್‌ಫೋನ್ ತೆಗೆಯಬೇಕು, ಟೇಪು ನಿಲ್ಲಿಸಬೇಕು. ಹನ್ನೆರಡು ಮುಗಿದರೆ ತಿರುಗಿ ಮೊದಲಿನಿಂದ. ಎಣಿಕೆ ತಪ್ಪಬಾರದೆಂದು ಒಂದು ಡಬ್ಬಿಯಲ್ಲಿ ಹನ್ನೆರಡು ಹುಣಸೆ ಬೀಜ ಇಟ್ಟುಕೊಂಡಿದ್ದ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬೀಜ ಆಚೆ ಡಬ್ಬಿಗೆ.

ಡ್ರೈವರು ಕಂಡಕ್ಟರುಗಳು ಆರು ತಿಂಗಳಲ್ಲಿ ಈ ಗುಟ್ಟು ಕಂಡುಹಿಡಿದರು. ನಾಲ್ಕನೆಯದು ಯಾರಿಗೂ ಬೇಡ. ಹೊಟ್ಟೆಯ ಕಡೆ ಲಕ್ಷ್ಯ ಇರಲಿ, ಭಜಿ ತಿನ್ನೋದು ಬಿಡ್ರಿ ಎಂದು ಅದು ಹೇಳುತ್ತಿತ್ತು. ಪಕ್ಕದ ಭಜಿ ಗಾಡಿಯವನು ಅದನ್ನು ತೆಗೆಸಲು ಎಷ್ಟು ಸಲ ಬಡಿದಾಡಿದನೋ ಲೆಕ್ಕವಿಲ್ಲ. ಏಳನೆಯದಕ್ಕೆ ಮಾತ್ರ ಎಲ್ಲರೂ ಹೊಂಚು ಹಾಕುತ್ತಿದ್ದರು. ಡಬ್ಬಿಯಲ್ಲಿ ಆರು ಬೀಜ ಹೋದದ್ದನ್ನು ನೋಡಿಕೊಂಡೇ ಬಂದು ಕೂರುತ್ತಿದ್ದರು. ಕೇಳಿ ಎದ್ದವರು ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದರು.

"ನೀವು ಊರೂರು ತಿರುಗೋರು. ಮನ್ಯಾಗ ಒಬ್ರು ನಿಮ್ಮ ಮ್ಯಾಲ ಸಿಟ್ಟಾಗ್ಯಾರ. ಆದ್ರ ನಿಮ್ಮ ಪಾಲಿನ ರೊಟ್ಟಿ ಮುಚ್ಚಿಟ್ಟಾರ. ಲಗೂನ ಮನೀಗೆ ಹೋಗ್ರಿ."

ಅದು ಯಾರ ಮೇಲೆ ಕಟ್ಟಿದ ಮಾತೆಂದು ಸಖುಬಾಯಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ಸಿಟ್ಟು ನಿಜವೇ ಇತ್ತು, ರೊಟ್ಟಿ ಮುಚ್ಚಿಡುವುದೂ ನಿಜವೇ ಇತ್ತು. ಆದರೆ ಅವನು ಬಾಯಿ ಬಿಡಲಿಲ್ಲ, ಅವಳು ಹೆಡ್‌ಫೋನ್ ಮುಟ್ಟಲಿಲ್ಲ. ಮಗಳು ಶೀತಲಳನ್ನು ಕೊಡಂಬಲಕ್ಕೆ ಕೊಟ್ಟು ಮದುವೆ ಮಾಡಿದರು. ಮೊಮ್ಮಗ ಹುಟ್ಟಿದ. ಮರಿಗಳ ಮಾತು ಮಾತ್ರ ಇಬ್ಬರ ನಡುವೆ ಹಾಗೇ ಉಳಿಯಿತು.

ತೊಂಬತ್ತೊಂಬತ್ತರಲ್ಲಿ ಸೂರ್ಯಕಾಂತನಿಗೆ ಕಾಮಾಲೆ ಆಯಿತು. ಮೊದಲು ಗಿಡಮೂಲಿಕೆ, ಆಮೇಲೆ ಆಸ್ಪತ್ರೆ. ಕಡೆಯ ದಿನಗಳಲ್ಲಿ ಒಮ್ಮೆ ಅವಳ ಕೈ ಹಿಡಿದು, "ಸಖೂ, ಆ ಮರಿ..." ಎಂದು ಶುರು ಮಾಡಿದ. "ಈಗ್ಯಾಕ್ರಿ ಆ ಸುದ್ದಿ. ಗಂಜಿ ಕುಡೀರಿ ಮೊದಲ" ಎಂದು ಇವಳೇ ಬಾಯಿ ಮುಚ್ಚಿಸಿದಳು. ಎದ್ದು ಕೂರುತ್ತಾನೆ, ಆಗ ಹೇಳಲಿ ಬಿಡು ಎಂದುಕೊಂಡಿದ್ದಳು. ಅವನು ಏಳಲಿಲ್ಲ. ಆ ಒಂದು ಗಳಿಗೆಯನ್ನು ನೆನೆಸಿಕೊಂಡಾಗಲೆಲ್ಲ ಸಖುಬಾಯಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನಿಸುತ್ತಿತ್ತು.

ದಿನಕರ್ಮ ಮುಗಿದ ಹದಿನೈದನೆಯ ದಿನಕ್ಕೆ ಅವಳು ಸಾಹೇಬನ ಪಕ್ಕ ತಾನೇ ಬಂದು ಕೂತಳು. ಹೊಟ್ಟೆಪಾಡು ಒಂದು. ಇನ್ನೊಂದು, ಗಂಡನ ದನಿ ಆ ತಗಡಿನ ಒಳಗಿತ್ತು, ಅದನ್ನು ಮೂಲೆಗೆ ನಿಲ್ಲಿಸಿ ಕಂಬಳಿ ಹೊದಿಸಲು ಅವಳಿಗೆ ಮನಸ್ಸು ಬರಲಿಲ್ಲ. ಅವನ ಕೂಗನ್ನೇ ಕೂಗಿದಳು, ಬಸವಣಪ್ಪನ ಪೇಪರಿನಿಂದ ಅದನ್ನು ಬೆಳೆಸಿದಳು. ಬಾಲ ಒಂದನ್ನು ಮಾತ್ರ ಕತ್ತರಿಸಿದಳು. ಸೂರ್ಯಕಾಂತ ಕೊನೆಗೆ, "ಜಗತ್ತಿನ ರೋಬೋಟ ಎಲ್ಲಾ ಕೆಲಸ ಮಾಡ್ತಾವ, ನಮ್ಮ ಸಾಹೇಬ ಖರೇ ಹೇಳ್ತಾನ!" ಎಂದು ಕೂಗಿ ತಗಡಿನ ಭುಜಕ್ಕೆ ಬಡಿಯುತ್ತಿದ್ದ. ಸಖುಬಾಯಿ ಆ ಮಾತು ಆಡುತ್ತಿರಲಿಲ್ಲ.

"ಎಲ್ಲಾ ಹೇಳ್ತಿ, ಬಾಲ ಯಾಕ ಬಿಡ್ತಿಯವಾ?" ಎಂದು ಬಸವಣಪ್ಪ ಕಾಡುತ್ತಿದ್ದ.

"ನನಗ ಗೊತ್ತಿಲ್ಲದ್ದು ನಾ ಹ್ಯಾಂಗ ಹೇಳ್ಲಿರಿ?" ಎನ್ನುತ್ತಿದ್ದಳು.

ಆಣೆ ಬಿಡಿಸುವವನೇ ಹೋದ ಮೇಲೆ ಆಣೆ ಉಳಿದೇ ಉಳಿಯಿತು. ಕೇಳುವಂತಿಲ್ಲ, ಆದರೆ ನೋಡಬಹುದಿತ್ತು. ಗಿರಾಕಿಗಳ ಮುಖ ನೋಡುವುದನ್ನು ಅವಳು ರೂಢಿ ಮಾಡಿಕೊಂಡಳು. ನಾಲ್ಕನೆಯದಕ್ಕೆ ಹುಬ್ಬು ಗಂಟು, ಒಂಬತ್ತನೆಯದಕ್ಕೆ ಕಿಸಕ್ಕನೆ ನಗು, ಏಳನೆಯದಕ್ಕೆ ಕಣ್ಣು ಒಂದಿಷ್ಟು ಮೆತ್ತಗಾಗುವುದು. ಐದು ವರ್ಷ ಅವಳು ಗಂಡನ ದನಿಯನ್ನು ಹೀಗೆ ಪರರ ಮುಖದಲ್ಲೇ ಕೇಳಿದಳು. ಅಮಾವಾಸ್ಯೆಗೊಮ್ಮೆ ಸಾಹೇಬನ ಹೊಟ್ಟೆಯ ಬಾಗಿಲು ತೆಗೆದು, ಆ ದನಿಗೆ ಯಾರ ಕಣ್ಣೂ ತಾಗದಿರಲಿ ಎಂದು ಒಂದು ಚಿಟಿಕೆ ಭಂಡಾರ ಒಳಗೆ ಹಾಕುತ್ತಿದ್ದಳು.

ನಡುವೆ ಒಂದು ದಿನ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯ ಇಂಜಿನಿಯರನೊಬ್ಬ ಬಸ್ಸು ತಡವಾದ್ದರಿಂದ ಬಂದು ಕೂತ. ಮೈಸೂರು ಕಡೆಯವನು. ಭವಿಷ್ಯ ಕೇಳಿ ಹೆಡ್‌ಫೋನ್ ತೆಗೆದಿಟ್ಟು, "ಅಮ್ಮಾ, ಇದು ರೋಬೋಟ್ ಅಲ್ಲ" ಎಂದ.

"ಹಂಗಾರ ರೋಬೋಟ ಅಂದ್ರ ಯಾವ್ದರಿ ಸಾಹೇಬ್ರ?"

"ಎದುರಿಗೆ ಏನಿದೆ ಅಂತ ತಾನೇ ತಿಳ್ಕೊಂಡು ಕೆಲಸ ಮಾಡೋದು ರೋಬೋಟ್. ದೊಡ್ಡ ಔಷಧ ಕಾರ್ಖಾನೆಗಳಲ್ಲಿ ಇದ್ದಾವೆ, ಮನುಷ್ಯರ ಉಸಿರೂ ತಾಗದ ಹಾಗೆ ಸೀಸೆ ತುಂಬುತ್ತವೆ. ಇದು ಬರೀ ಟೇಪು. ಒಳಗೆ ಏನು ಹಾಕಿದ್ದೀರೋ ಅದೇ ಹೊರಗೆ ಬರುತ್ತೆ."

"ಒಳಗ ಹಾಕಿದ್ದು ಹೊರಗ ಬಂದ್ರ ಸಾಕ್ರಿ. ಮನುಷ್ಯಾರದ್ದು ಅಷ್ಟೂ ಬರಂಗಿಲ್ಲ" ಎಂದಳು ಸಖುಬಾಯಿ. ಮರುದಿನದಿಂದ ಸೀಸೆ ತುಂಬುವ ರೋಬೋಟೂ ಅವಳ ಕೂಗಿನಲ್ಲಿ ಬಂತು.

ಎರಡು ಸಾವಿರದ ನಾಲ್ಕರ ಮಳೆಗಾಲ. ಚಿಟಗುಪ್ಪ ಬಸ್ಸಿನ ಡ್ರೈವರೊಬ್ಬ ಏಳನೆಯದಕ್ಕೆ ಕಾದು ಕೂತು ಕೇಳಿ, ಮುಖ ಸಿಂಡರಿಸಿಕೊಂಡ.

"ಸಖೂಬಾಯಿ, ಸಾಹೇಬಗ ನೆಗಡಿ ಆಗ್ಯಾದೇನು? ದನಿ ಏಳವಲ್ದು. ರೊಟ್ಟಿ ಅಂಬೂದೇ ಕೇಳಸಂಗಿಲ್ಲ."

ಅವಳು ಅವತ್ತಿನಿಂದ ಒಬ್ಬೊಬ್ಬರನ್ನೂ ಕೇಳತೊಡಗಿದಳು. ಮೂರನೆಯದು ಗುಂಯ್ ಅನ್ನುತ್ತದೆ, ಐದನೆಯದರ ಅರ್ಧ ಇಲ್ಲ, ಹತ್ತನೆಯದು ನೀರಿನೊಳಗಿಂದ ಬಂದ ಹಾಗಿದೆ. ಮನೆಯಲ್ಲಿ ಅವನ ಫೋಟೋ ಒಂದಿತ್ತು, ಚಪ್ಪಲಿ ಒಂದು ಜೊತೆ ಇತ್ತು. ದನಿ ಎಂಬುದು ಲೋಕದಲ್ಲಿ ಆ ಒಂದು ಕ್ಯಾಸೆಟ್ಟಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಅದೂ ಹೋದರೆ ಅವನು ಎರಡನೆಯ ಸಲ ಸತ್ತ ಹಾಗೆ. ವಾರ ಕಳೆಯುವುದರೊಳಗೆ ಸಖುಬಾಯಿ ಅಂಗಡಿ ಎತ್ತಿದಳು. ಸಾಹೇಬನನ್ನು ಬಸವಣಪ್ಪನ ಕೋಣೆಯಲ್ಲಿ ನಿಲ್ಲಿಸಿ, ಹೊಟ್ಟೆಯೊಳಗಿನ ಟೇಪ್ ರೆಕಾರ್ಡರನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದಳು.

ಮಕ್ಬೂಲನ ಅಂಗಡಿ ಕೋಟೆಯ ಕಡೆ ಹೋಗುವ ದಾರಿಯಲ್ಲಿ. ಗೋಡೆ ತುಂಬ ಇದ್ದ ಕ್ಯಾಸೆಟ್ಟುಗಳ ಜಾಗದಲ್ಲಿ ಈಗ ಸಿ.ಡಿ.ಗಳು, ಮೇಜಿನ ಮೇಲೆ ಕಂಪ್ಯೂಟರು. ಅವನ ಗಡ್ಡವೂ ಬೆಳ್ಳಗಾಗಿತ್ತು. ಭಾಬಿ ಬಂದರೆಂದು ಎದ್ದು ಕುರ್ಚಿ ಕೊಟ್ಟ, ಚಹಾ ತರಿಸಿದ. ಆಮೇಲೆ ರೆಕಾರ್ಡರಿನ ಸ್ಕ್ರೂ ಬಿಚ್ಚಿದ. ಒಳಗೆ ಎಲ್ಲಿ ನೋಡಿದರೂ ಹಳದಿ.

"ಇದೇನ್ ಭಾಬಿ? ಟೇಪಿನ್ಯಾಗ ಅರಿಶಿಣ?"

"ಭಂಡಾರ ಮಕ್ಬೂಲ್ ಭಾಯಿ. ಅಮಾಸಿಗೊಮ್ಮಿ ನಾನ ಹಾಕ್ತೀನಿ. ಅವರ ದನಿಗಿ ಯಾರ ದೃಷ್ಟಿನೂ ತಾಗಬಾರದಂತ."

ಮಕ್ಬೂಲ ಸ್ಕ್ರೂ ಡ್ರೈವರನ್ನು ಕೆಳಗಿಟ್ಟು, ಅರಿವೆಯಿಂದ ಬೆರಳು ಒರೆಸಿಕೊಂಡು, ಮತ್ತೆ ಒರೆಸಿಕೊಂಡ. ಐದು ವರ್ಷ ಗಿರಾಕಿಗಳ ಮುಖ ಓದಿದವಳಿಗೆ ಈ ಮುಖ ಓದುವುದು ಎಷ್ಟರದು?

"ನಾನ ಹಾಳ ಮಾಡೀನೇನು?"

"ಟೇಪೂ ಹಳೇದಾಗ್ಯಾದ ಭಾಬಿ. ಹತ್ತ ವರ್ಷ ದಿನಾ ತಿಕ್ಕಿದ್ರ ಯಾವ ಟೇಪ್ ಉಳೀತದ?"

"ಖರೇ ಹೇಳ್ರಿ."

"ಪುಡ್ಯಾಗ ತಿಕ್ಕಿ ತಿಕ್ಕಿ ಸವದದ" ಎಂದ ಮಕ್ಬೂಲ, ತಲೆ ತಗ್ಗಿಸಿ.

ಸಖುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಯಲೆಂದು ಹಾಕಿದ ಕೈಯೇ ಕಳೆದಿತ್ತು. ಯಾರನ್ನು ಬೈಯಬೇಕು, ಮಲ್ಲಣ್ಣನನ್ನೇ? ಮಕ್ಬೂಲ ಹತ್ತಿಯಿಂದ ಒಂದೊಂದೇ ಭಾಗ ಒರೆಸಿದ, ಕ್ಯಾಸೆಟ್ಟನ್ನು ಬಿಚ್ಚಿ ಟೇಪನ್ನು ಹೊಸ ಡಬ್ಬಿಗೆ ಸುತ್ತಿದ. ಒಂದೇ ಒಂದು ಸಲ ನಡೆಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು, ನಡುವೆ ತುಂಡಾದರೆ ತುಂಡಾಯಿತು, ಬೇರೆ ಕಾಪಿ ತನ್ನ ಹತ್ತಿರವೂ ಇಲ್ಲ ಎಂದ. ಅವಳು ಎದ್ದು ಹೊರಗಿನ ಕಟ್ಟೆಗೆ ಹೊರಟಳು. ಆಣೆಯ ಸಂಗತಿ ಮಕ್ಬೂಲನಿಗೆ ಗೊತ್ತಿತ್ತು.

"ಭಾಬಿ, ಕೂಡ್ರಿ. ಇದು ಕಡೀ ಸಲ ಇರಬಹುದು. ಅಂವಾ ಇದ್ದಿದ್ರ ಕೇಳು ಅಂತಿದ್ದ."

ಅವಳು ಬಾಗಿಲಲ್ಲಿ ನಿಂತಳು. ಹೊರಗೆ ಮಳೆ ಹನಿಯುತ್ತಿತ್ತು. ಕೇಳಿದರೆ ಆಣೆ ಮುರಿದ ಪಾಪ. ಕೇಳದೆ ಹೋಗಿ ಟೇಪು ತುಂಡಾದರೆ, ಇಪ್ಪತ್ತು ವರ್ಷ ಬಾಳಿದ ಗಂಡನ ದನಿಯನ್ನು ಊರಿನ ಡ್ರೈವರುಗಳೆಲ್ಲ ಕೇಳಿದರು, ಹೆಂಡತಿ ಒಬ್ಬಳು ಕೇಳಲಿಲ್ಲ ಎಂದಾಗುತ್ತದೆ. "ಮಲ್ಲಣ್ಣಾ, ನಿನ್ನ ಭಂಡಾರದ್ದೂ ತಪ್ಪದ ಇದರಾಗ, ನೀನೂ ಒಂದೀಟು ಹೊಟ್ಟಿಗಿ ಹಾಕ್ಕೋ" ಎಂದು ಗೊಣಗಿ, ಬಂದು ಕುರ್ಚಿಯಲ್ಲಿ ಕೂತಳು.

ಟೇಪು ಸುತ್ತಿತು. ಮೊದಲು ಬರೀ ಸರಸರ. ಆಮೇಲೆ ಆ ಸರಸರದ ಹಿಂದೆ ಎಲ್ಲೋ ದೂರದಲ್ಲಿ ಅವನು. ಒಂದು ಮಾತು ಇದೆ, ಒಂದು ಇಲ್ಲ. ಸಖುಬಾಯಿ ಮುಂದಕ್ಕೆ ಬಾಗಿದಳು. ಐದನೆಯದು ಪೂರ್ತಿ ಹೋಗಿತ್ತು. ಏಳನೆಯದರಲ್ಲಿ ಸಿಟ್ಟು ಉಳಿದಿತ್ತು, ರೊಟ್ಟಿ ಅಳಿಸಿತ್ತು, ಲಗೂನ ಮನೀಗೆ ಹೋಗ್ರಿ ಎಂಬುದು ನೆಟ್ಟಗೆ ಕೇಳಿತು. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ಹನ್ನೆರಡನೆಯದು ಮುಗಿದು ಠಣ್ ಎಂದಿತು. ಪ್ರತಿ ಸಲ ತಾನು ಟೇಪು ತಿರುಗಿಸುತ್ತಿದ್ದುದು ಇಲ್ಲಿಂದಲೇ ಎಂದು ಅವಳಿಗೆ ತಿಳಿಯಿತು. ಇಲ್ಲಿಂದ ಆಚೆ ಯಾರೂ ಹೋಗಿರಲಿಲ್ಲ.

ಟೇಪು ನಿಲ್ಲಲಿಲ್ಲ. ಒಂದು ಕೆಮ್ಮು ಕೇಳಿತು. ಸವೆಯದ, ತಿಕ್ಕದ, ಪಕ್ಕದಲ್ಲೇ ಕೂತು ಕೆಮ್ಮಿದಂಥ ಕೆಮ್ಮು.

"ಹನ್ನೆರಡೂ ಆದ್ವು. ಮುಗೀತಲ್ಲ?" ಎಂದಿತು ಹತ್ತು ವರ್ಷ ಹಿಂದಿನ ಮಕ್ಬೂಲನ ಎಳೆ ದನಿ.

"ಮುಗೀತು. ಚಹಾ ತರಸಪಾ, ಗಂಟಲ ಒಣಗ್ಯಾದ." ಸೂರ್ಯಕಾಂತ. ಸ್ವಚ್ಛವಾಗಿ, ಮನೆಯಲ್ಲಿ ಮಾತಾಡುವ ಹಾಗೆ. "ಮಕ್ಬೂಲ್, ಖರೇ ಅಂದ್ರ ಈ ದನಿ ನಂದಲ್ಲ. ಆ ಎರಡ ಮರೀದು."

ಮಕ್ಬೂಲನಿಗೆ ನೆನಪಾಯಿತು. ಅವತ್ತು ಟೇಪು ನಿಲ್ಲಿಸದೆ ಹರಟೆಗೆ ಕೂತಿದ್ದ. ಗಡಬಡಿಸಿ ನಿಲ್ಲಿಸಲು ಕೈ ಚಾಚಿದ. ಸಖುಬಾಯಿ ಅವನ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು.

"ಯಾವ ಮರಿ?"

"ನಮ್ಮ ಸಖೂ ಸಾಕಿದ್ದು. ತೋಳ ಒಯ್ತು ಅಂತ ಹೇಳೀನಿ. ತೋಳ ಎಲ್ಲೀದು, ನಾನ ತೋಳ. ಅವನ್ನ ಮಾರೇ ಇದನ್ನ ಮಾಡ್ಸಾಕತ್ತೇನಿ. ಕಟುಗ ಹಗ್ಗ ಜಗ್ಗಿದಾಗ ಒಂದ ಮರಿ ತಿರುಗಿ ನನ್ನ ನೋಡ್ತು ನೋಡಪಾ. ಎರಡ ದಿನ ಆತು, ಊಟ ಇಳೀವಲ್ದು."

"ಭಾಬಿಗಿ ಹೇಳಿಬಿಡು."

"ಹೇಳಬೇಕು. ಹೇಳಿದ್ರ ಆಕಿ ನನ್ನ ಮಾರಿ ನೋಡಂಗಿಲ್ಲ. ಅದೇ ಅಂಜಿಕಿ. ನಾಳಿಗಿ ಹೇಳ್ತೀನಿ."

"ಇವತ್ತ ಹೇಳು."

"ನಾಳಿಗಿ."

ಖಟ್ ಎಂದು ಸದ್ದಾಗಿ ಟೇಪು ಮುಗಿಯಿತು.

ಸಖುಬಾಯಿ ಮಕ್ಬೂಲನ ಕೈ ಬಿಟ್ಟಳು. ಕಂಪ್ಯೂಟರಿನ ಪಕ್ಕದ ಪುಟ್ಟ ಡಬ್ಬಿಯ ಕಡೆ ತಿರುಗಿದಳು. ದನಿ ಬಂದದ್ದು ಅದರಿಂದ. ಆಮೇಲೆ ಅದಕ್ಕೇ ಬೈದಳು.

"ಇಷ್ಟ ಹೇಳಾಕ ಹತ್ತ ವರ್ಷ ಬೇಕಾತೇನ್ರಿ ನಿಮಗ? ಮಾರಿ ನೋಡ್ತಿದ್ದೆ. ಎಂಟ ದಿನ ಸಿಟ್ಟಾಗಿ ಒಂಬತ್ತನೇ ದಿನ ನೋಡ್ತಿದ್ದೆ. ಹೇಳಬೇಕಿಲ್ಲ?" ಬೈಯುತ್ತ ಬೈಯುತ್ತ ಗೊಳೋ ಎಂದು ಅತ್ತಳು, ಅಳುತ್ತಲೇ ನಕ್ಕಳು. "ನಾಳಿಗಂತ. ನಾಳಿಗಿ!"

ಆ ಕಡೆಯ ಮಾತುಗಳನ್ನು ತೆಗೆದು ಬರೀ ಭವಿಷ್ಯಗಳನ್ನು ಸಿ.ಡಿ.ಗೆ ಹಾಕಲೇ ಎಂದು ಮಕ್ಬೂಲ ಕೇಳಿದ. ಹೋದ ಭವಿಷ್ಯಗಳನ್ನು ತಾನೇ ಹೇಳಿ ತುಂಬಿಸುತ್ತೇನೆ ಎಂದ. ಅದಾಗಲಿ ಎಂದಳು ಅವಳು. "ಆದ್ರ ಆ ಕಡೀ ಮಾತ ತಗೀಬ್ಯಾಡ್ರಿ. ಹನ್ನೆರಡು ಆದ ಮ್ಯಾಲ ಅಲ್ಲೇ ಇರ್ಲಿ. ಮಂದಿಗಿ ಹನ್ನೆರಡು ಸಾಕು, ನಾ ತಿರುವಿ ಹಚ್ತೀನಿ."

ನಾಲ್ಕನೆಯ ದಿನ ಬೆಳಗ್ಗೆ ಸಾಹೇಬ ಮತ್ತೆ ಬೇವಿನ ಗಿಡದ ಕೆಳಗೆ ಬಂದು ನಿಂತ. ಹೊಟ್ಟೆಯೊಳಗೆ ಸಿ.ಡಿ. ಪ್ಲೇಯರು, ಹೊರಗೆ ಹಣೆಯ ಮೇಲೆ ಒಂದೇ ಒಂದು ಭಂಡಾರದ ಬೊಟ್ಟು. ಬೀದರ್ ಬಸ್ಸು ಬಂದು ನಿಂತಿತು, ಜನ ಇಳಿದರು. ಸಖುಬಾಯಿ ಎದ್ದು ನಿಂತು ಜಪಾನಿನಿಂದ ಶುರು ಮಾಡಿದಳು. ಹಾಲು ಹಿಂಡುವುದು ಬಂತು, ಸಮುದ್ರಕ್ಕೆ ಇಳಿಯುವುದು ಬಂತು, ಸೀಸೆ ತುಂಬುವುದು, ಕಸ ಗುಡಿಸುವುದು, ಮಂಗಳದ ಮೇಲೆ ಆ ವರ್ಷ ಹೊಸದಾಗಿ ಇಳಿದ ಎರಡು ಬಂಡಿಗಳು, ಎಲ್ಲವೂ ಬಂದವು. ಹಣೆಬರಹ ಓದ್ತದ ಎಂಬಲ್ಲಿಗೆ ಕೂಗು ಮುಗಿಯಬೇಕಿತ್ತು. ಅವಳು ಉಸಿರು ಎಳೆದುಕೊಂಡಳು.

"ಜಗತ್ತಿನ ರೋಬೋಟ ಎಲ್ಲಾ ಕೆಲಸ ಮಾಡ್ತಾವ್ರಿ. ನಮ್ಮ ಸಾಹೇಬ ಖರೇ ಹೇಳ್ತಾನ!"

ಗಾಜಿನ ಕಿಟಕಿಯ ಹಿಂದೆ ಬಸವಣಪ್ಪ ಮೈಕನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಕೂತುಬಿಟ್ಟ. ಸಖುಬಾಯಿ ಕೈಯೆತ್ತಿ, ಗಂಡ ಬಡಿಯುತ್ತಿದ್ದ ಹಾಗೆಯೇ ತಗಡಿನ ಭುಜಕ್ಕೆ ಬಡಿದಳು.

"ಜರಾ ತಡಾ ಮಾಡ್ತಾನ. ಆದ್ರ ಖರೇ ಹೇಳ್ತಾನ!"